ಆರು ಕಿಲೋಮೀಟರ್ ಎಂಟುನೂರು ಮೀಟರ್

ಕಾಲೊನಿಯಿಂದ ಮಿಲ್ಲಿಗೆ ಆರು ಕಿಲೋಮೀಟರ್ ಎಂಟುನೂರು ಮೀಟರ್ ಎಂದು ಕಾಗದದಲ್ಲಿ ಬರೆದಿತ್ತು. ಕೆಳಗೆ ಸಹಿ, ಸಹಿಯ ಮೇಲೆ ದುಂಡನೆಯ ಸೀಲು. ನಾಗಜ್ಯೋತಿ ಅದನ್ನು ಪ್ಲಾನಿಂಗ್ ಆಫೀಸಿನ ಮೆಟ್ಟಿಲ ಮೇಲೆ ನಿಂತೇ ಮೂರು ಸಲ ಓದಿದಳು. ಮನೆಮಾತು ಕನ್ನಡವಾದರೂ ತೆಲುಗು ಅಕ್ಷರ ಅವಳಿಗೆ ತೊಡಕಲ್ಲ. ಏಳನೇ ಕ್ಲಾಸಿನವರೆಗೆ ಓದಿದ್ದು ಅದರಲ್ಲೇ. ತಲೆಗೆ ಹತ್ತದೆ ಹೋದದ್ದು ಆ ಅಂಕಿ. ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟು, ಎರಡು ಆಟೋ ಬದಲಿಸಿ, ಎಂಟು ಗಂಟೆಗೆ ಏದುಸಿರು ಬಿಡುತ್ತ ಮಿಲ್ಲಿನ ಗೇಟು ಮುಟ್ಟುವವಳಿಗೆ ಯಾರೋ ನಗುತ್ತ ಕೆನ್ನೆಗೆ ಹೊಡೆದಂತಾಯಿತು.

ಮೂರು ವರ್ಷದ ಹಿಂದೆ ಹೀಗಿರಲಿಲ್ಲ. ಹತ್ತಿಯಿಂದ ಬೀಜ ಬಿಡಿಸುವ ಹಾಲೇಶ್ ಸಾವ್ಕಾರರ ಜಿನ್ನಿಂಗ್ ಮಿಲ್ಲು ಆಂಧ್ರದ ಗಡಿಯ ಆದೋನಿಯ ಊರೊಳಗೇ ಇತ್ತು. ಅದರ ಹಿಂಗೋಡೆಗೆ ಆನಿಕೊಂಡೇ ಕೂಲಿಗಳ ಲೈನ್ ಮನೆಗಳು. ನಾಗಜ್ಯೋತಿ ಮದುವೆಯಾಗಿ ಬಂದದ್ದು ಆ ಸಾಲಿನ ಆರನೇ ಮನೆಗೆ. ಹತ್ತಿಯಲ್ಲಿನ ಎಲೆ, ಸಿಪ್ಪೆ, ಕಸ ಆರಿಸುವುದು ಅವಳ ಕೆಲಸ. ಹತ್ತಿ ಮುಗಿದ ತಿಂಗಳುಗಳಲ್ಲಿ ಅದೇ ಶೆಡ್ಡಿನಲ್ಲಿ ಶೇಂಗಾ ಒಡೆಯುವುದು. ಸೈರನ್ ಕೂಗಿದ ಮೇಲೆ ಸೆರಗು ಸಿಕ್ಕಿಸಿಕೊಂಡು ಹೊರಟರೂ ಹೊತ್ತಿಗೆ ಸರಿಯಾಗಿ ಮುಟ್ಟುತ್ತಿದ್ದಳು. ಮಧ್ಯಾಹ್ನ ಮನೆಗೆ ಬಂದು ಮಗಳು ಅಮೂಲ್ಯಳಿಗೆ ಉಣಿಸಿ, ತಾನೂ ಉಂಡು, ಪಾತ್ರೆ ತೊಳೆದಿಟ್ಟು ಹೋಗುತ್ತಿದ್ದಳು.

ಆಮೇಲೆ ಊರಿಗೆ ಹೊಸ ಪ್ಲಾನ್ ಬಂತು. ಊರೊಳಗೆ ಮಿಲ್ಲು ಇರಬಾರದು ಎಂದಾಯಿತು. ಹಾಲೇಶರು ಮಿಲ್ಲನ್ನು ಆಸ್ಪರಿ ರಸ್ತೆಯಲ್ಲಿ ಎಂಟು ಕಿಲೋಮೀಟರ್ ಆಚೆಗೆ ಒಯ್ದರು. ಹಳೆಯ ಜಾಗದಲ್ಲಿ ಫಂಕ್ಷನ್ ಹಾಲ್ ಎದ್ದಿತು. ಲೈನ್ ಮನೆಗಳಿದ್ದಲ್ಲಿ ಕಾರು ನಿಲ್ಲಿಸಲು ಬಯಲು ಮಾಡಿದರು. ಮನೆ ಕಳೆದುಕೊಂಡವರಿಗೆ ಹೊಸ ಕಾಲೊನಿಯಲ್ಲಿ ಜಾಗದ ಪಟ್ಟಾ ಸಿಕ್ಕಿತು, ಹೊಳಗುಂದ ರಸ್ತೆಯಲ್ಲಿ, ಏಳು ಕಿಲೋಮೀಟರ್ ಆಚೆಗೆ. ಎರಡೂ ನಿರ್ಧಾರ ಒಂದೇ ಆಫೀಸಿನಲ್ಲಿ, ಒಂದೇ ವರ್ಷ ಆದವು. ಒಂದು ಫೈಲು ನೋಡಿದವರು ಇನ್ನೊಂದನ್ನು ತೆರೆದಂತಿರಲಿಲ್ಲ. ಕೆಲಸ ಒಂದು ದಿಕ್ಕಿಗೆ ಹೋಯಿತು, ಕೆಲಸದವರು ಇನ್ನೊಂದು ದಿಕ್ಕಿಗೆ. ಈಗ ಕಾಲೊನಿಯಿಂದ ಆಟೋ ಹಿಡಿದು ಊರೊಳಗೆ ಬಂದು, ಇನ್ನೊಂದು ಆಟೋ ತುಂಬುವವರೆಗೆ ಕಾದು, ಮತ್ತೆ ಊರಿನಿಂದ ಆಚೆಗೆ ಹೋಗಬೇಕು. ಆಟೋ ದಿನಾ ಎರಡು ಸಲ ಆ ಫಂಕ್ಷನ್ ಹಾಲಿನ ಮುಂದೆಯೇ ಹಾಯುತ್ತಿತ್ತು. ನಾಗಜ್ಯೋತಿ ಆ ಕಡೆ ಮುಖ ತಿರುಗಿಸುತ್ತಿರಲಿಲ್ಲ.

ಮೊದಲ ವರ್ಷದಲ್ಲೇ ಹನ್ನೊಂದು ಜನ ಹೆಂಗಸರು ಕೆಲಸ ಬಿಟ್ಟರು. ಕೊನೆಗೆ ಮೂಕಮ್ಮನೂ ಬಿಟ್ಟಳು. ಇಪ್ಪತ್ತೆರಡು ವರ್ಷ ಹತ್ತಿ ಆರಿಸಿದ ಕೈ ಅವಳದು. ನಾಗಜ್ಯೋತಿಗೆ ಕೆಲಸ ಕಲಿಸಿದವಳೂ ಅವಳೇ. ಆಟೋದ ಹಿಂದಿನ ಹಲಗೆಯ ಮೇಲೆ ಕಾಲು ಮಡಿಸಿ ಕೂತು ಕೂತು ಮೊಣಕಾಲು ಬಾತು ಹೋಗಿತ್ತು.

"ಕೆಲಸ ಮಾಡಾಕ ಆಗಲ್ಲ ಅಂತ ಅಲ್ಲವ್ವಾ," ಎಂದಳು ಮೂಕಮ್ಮ. "ಕೆಲಸಕ್ಕ ಹೋಗಾಕ ಆಗವಲ್ದು."

ಆ ಮಾತು ನಾಗಜ್ಯೋತಿಗೆ ಮುಳ್ಳಿನಂತೆ ಚುಚ್ಚಿತು. ಮಿಲ್ಲು ಊರು ಬಿಡುವಾಗ ಎಲ್ಲರೂ ನಾಲ್ಕು ದಿನ ಕೆಲಸ ನಿಲ್ಲಿಸಿ ಕೂತಿದ್ದರು. ಆಗ ಹಾಲೇಶರು ಒಂದು ಒಪ್ಪಂದಕ್ಕೆ ಸಹಿ ಹಾಕಿದ್ದರು: ಮಿಲ್ಲಿನಿಂದ ಹತ್ತು ಕಿಲೋಮೀಟರಿಗಿಂತ ದೂರ ಇರುವವರಿಗೆ ಮಿಲ್ಲಿನ ಕಡೆಯಿಂದ ವ್ಯಾನು. ಮೂರು ವರ್ಷವಾದರೂ ವ್ಯಾನು ಬಂದಿರಲಿಲ್ಲ. ನಾಗಜ್ಯೋತಿ ನೇರ ಅವರ ಮುಂದೆ ಹೋಗಿ ನಿಂತಳು.

ಹಾಲೇಶರು ಸಿಟ್ಟಾಗುವ ಮನುಷ್ಯರಲ್ಲ. ಹಣೆಯ ವಿಭೂತಿ ಬೆವರಿಗೂ ಅಳಿಸದಂತೆ ತಣ್ಣಗಿರುವವರು. "ಜ್ಯೋತಮ್ಮಾ, ನಾ ಮಾತು ತಪ್ಪೋನಲ್ಲ. ಹತ್ತರ ಮ್ಯಾಲ ಐತಿ ಅಂತ ಸರ್ಕಾರದ ಕಾಗದ ತಗೊಂಡ್ ಬರ್ರಿ. ಮರುದಿನಾನೇ ವ್ಯಾನ್ ಹಾಕಸ್ತೀನಿ," ಎಂದರು.

ಎರಡು ತಿಂಗಳು ಓಡಾಡಿದ ಮೇಲೆ ಕೈಗೆ ಬಂದದ್ದು ಈ ಕಾಗದ.

ಅವಳು ಮೆಟ್ಟಿಲು ಇಳಿಯಲಿಲ್ಲ. ತಿರುಗಿ ಒಳಗೆ ಹೋದಳು. ಸಹಿ ಹಾಕಿದ ಅಧಿಕಾರಿ ಶ್ರೀರಾಮುಲು ಊಟದ ಡಬ್ಬಿ ಬಿಚ್ಚುತ್ತಿದ್ದರು.

"ಸಾರ್, ಇದರಾಗ ತಪ್ಪು ಬಂದೈತ್ರಿ. ದೂರ ಹದಿನೈದರ ಮ್ಯಾಲೈತಿ."

ಶ್ರೀರಾಮುಲು ಬೇಸರಿಸಿಕೊಳ್ಳದೆ ಕಂಪ್ಯೂಟರನ್ನು ಅವಳ ಕಡೆ ತಿರುಗಿಸಿದರು. ತೆರೆಯ ಮೇಲೆ ಆದೋನಿಯ ನಕ್ಷೆ. ಕಾಲೊನಿಯ ಮೇಲೊಂದು ಚುಕ್ಕೆ ಒತ್ತಿದರು, ಮಿಲ್ಲಿನ ಮೇಲೊಂದು. ನಡುವೆ ನೇರ ಕೆಂಪು ಗೆರೆ ಮೂಡಿತು. "ಚೂಡಮ್ಮಾ, ನೋಡು, ಕಾಲೊನಿ ಇಲ್ಲಿ, ಮಿಲ್ಲು ಇಲ್ಲಿ. ಕಂಪ್ಯೂಟರ್ ಏನು ತೋರಸ್ತೈತೋ ಅದನ್ನೇ ಬರದೀವಿ. ಸಿಕ್ಸ್ ಪಾಯಿಂಟ್ ಏಟ್."

"ಆ ಗೆರಿ ಮ್ಯಾಲ ದಾರಿ ಎಲ್ಲೈತ್ರಿ?"

"ದಾರಿ ಸಂಗತಿ ಬೇರೆ, ಡಿಸ್ಟೆನ್ಸ್ ಸಂಗತಿ ಬೇರೆ."

"ನಡಿಯೋರಿಗೆ ಎರಡೂ ಒಂದೇ ಅಲ್ಲೇನ್ರಿ?"

"ನೋಡಮ್ಮಾ, ನಿಮಗೆ ಜಾಗ ಆರಿಸೋವಾಗೂ ಹಿಂಗೇ ಅಳದಿದ್ವಿ. ಸ್ಕೂಲು ಇಷ್ಟು, ಆಸ್ಪತ್ರಿ ಇಷ್ಟು, ಕೆಲಸದ ಜಾಗ ಇಷ್ಟು ಅಂತ. ಆಗ ಯಾರೂ ಅಬ್ಜೆಕ್ಷನ್ ಹಾಕಲಿಲ್ಲ," ಎಂದು ಶ್ರೀರಾಮುಲು ಮಾತು ಮುಗಿಸುವವರಂತೆ ಡಬ್ಬಿಯ ಮುಚ್ಚಳ ತೆಗೆದರು.

ನಾಗಜ್ಯೋತಿ ತೆರೆಯ ಮೇಲಿನ ಗೆರೆಯನ್ನು ನೋಡಿದಳು. ಪಟ್ಟಾ ಕೊಟ್ಟ ದಿನ ಮೈಕಿನಲ್ಲಿ ಹೇಳಿದ್ದು ನೆನಪಾಯಿತು: ಎಲ್ಲ ಸೌಲಭ್ಯಕ್ಕೂ ಹತ್ತಿರದ ಜಾಗ. ಅವಳೂ ಚಪ್ಪಾಳೆ ತಟ್ಟಿದ್ದಳು. ಆ ಹತ್ತಿರವೆಲ್ಲ ಈ ಕೆಂಪು ಗೆರೆಯ ಹತ್ತಿರ ಎಂದು ಈಗ ತಿಳಿಯಿತು.

"ನಮ್ಮನ್ನ ಕೇಳಿದ್ರೇನ್ರಿ, ಅಬ್ಜೆಕ್ಷನ್ ಹಾಕಾಕ?" ಎಂದು ಅವಳು ಹೊರಗೆ ಬಂದಳು.

ಕಾಲೊನಿಯಲ್ಲಿ ಅವಳ ಎದುರು ಮನೆಯವನು ಉಚ್ಚೀರಪ್ಪ. ಸರ್ವೆ ಇಲಾಖೆಯಲ್ಲಿ ಮೂವತ್ತು ವರ್ಷ ಅಳತೆಯ ಸರಪಳಿ ಎಳೆದು ನಿವೃತ್ತನಾದ ಮುದುಕ. ಕಾಲೊನಿಯವರೆಲ್ಲ ಅವನನ್ನು ತಾತ ಎನ್ನುತ್ತಿದ್ದರು. ಅವನು ಆ ಕಾಗದವನ್ನು ನಾಗಜ್ಯೋತಿಯಿಂದ ಓದಿಸಿಕೊಂಡ, ಓದಿದ್ದನ್ನು ಮತ್ತೆ ಓದಿಸಿದ. ಮುಖ ಕೆಂಪಾಯಿತು.

"ಯಾವನು ಬರದಾನ ಇದನ್ನ? ನೆಲದ ಮ್ಯಾಲ ಕಾಲಿಡದಂಗ ಹೆಂಗ ಅಳದಾನ? ಬಿಸಲಾಗ ಮುಳ್ಳಾಗ ಸರಪಳಿ ಎಳದು ನಮ್ಮ ಅಂಗಾಲು ಸವದು ಹೋದವು. ಒಂದು ಗೇಣು ಹೆಚ್ಚು ಕಮ್ಮಿ ಆದ್ರ ಸರ್ವೇರ ಸಾಹೇಬ್ರು ಮತ್ತೆ ಮೊದಲಿಂದ ಎಳಸ್ತಿದ್ರು. ನಡಿ ಜ್ಯೋತಿ, ಅಳದು ಬರೋಣ."

ಇಬ್ಬರೂ ಕಟ್ಟಡದ ಮೇಸ್ತ್ರಿಯೊಬ್ಬನಿಂದ ಐವತ್ತು ಮೀಟರಿನ ಟೇಪು ಕೇಳಿ ತಂದರು. ಎರಡು ಭಾನುವಾರ, ಕಾಲೊನಿಯ ನೀರಿನ ಟ್ಯಾಂಕಿನಿಂದ ಹಿಡಿದು ಊರೊಳಗಿಂದ ಮಿಲ್ಲಿನ ಗೇಟಿನವರೆಗೆ, ರಸ್ತೆಯ ಅಂಚಿನಲ್ಲಿ ಬಗ್ಗಿ ಬಗ್ಗಿ ಅಳೆದರು. ಲಾರಿಗಳು ಹಾರ್ನ್ ಹೊಡೆದವು, ಚಹಾ ಅಂಗಡಿಯವರು ನಕ್ಕರು. ಹದಿನೈದು ಕಿಲೋಮೀಟರ್ ಮುನ್ನೂರ ನಲವತ್ತು ಮೀಟರ್. ಉಚ್ಚೀರಪ್ಪ ಅದನ್ನು ಬಿಳಿ ಹಾಳೆಯಲ್ಲಿ ಬರೆಸಿ ಕೆಳಗೆ ಸಹಿ ಮಾಡಿದ.

ಶ್ರೀರಾಮುಲು ಹಾಳೆಯನ್ನು ಮುಟ್ಟಲೂ ಇಲ್ಲ. "ಪ್ರೈವೇಟ್ ಅಳತೆ ನಡೆಯಲ್ಲಮ್ಮಾ. ಸೀಲು ಹಾಕಿದ ಕಾಗದ ಇರೋವಾಗ ಇದನ್ನ ಯಾವ ಫೈಲಿನಾಗ ಇಡಲಿ?"

ಆ ದಿನ ಸಂಜೆ ಕಾಲೊನಿಯ ನಲ್ಲಿಯ ಹತ್ತಿರ ಹೆಂಗಸರೆಲ್ಲ ಕೊಡ ಇಟ್ಟುಕೊಂಡು ನಿಂತಿದ್ದಾಗ ನಾಗಜ್ಯೋತಿ ನಡೆದದ್ದನ್ನೆಲ್ಲ ಹೇಳಿದಳು. ಒಬ್ಬಳು ಬೈದಳು, ಒಬ್ಬಳು ನಮ್ಮ ಹಣೆಬರಹ ಎಂದಳು.

"ಹಣೆಬರಹ ಅಲ್ಲ, ಶ್ರೀರಾಮುಲು ಸಾರ್ ಬರದ ಬರಹ," ಎಂದಳು ನಾಗಜ್ಯೋತಿ. "ಮಿಲ್ಲಿಗೆ ಆರೂ ಮುಕ್ಕಾಲು ಕಿಲೋಮೀಟರಿನ ದಾರಿ ಐತಿ ಅಂತ ಅವರು ಬರದು ಕೊಟ್ಟಾರ. ಸೋಮವಾರ ಆ ದಾರಿಲೇ ಹೋಗಾಣ ನಡ್ರಿ. ಎಲ್ಲಾರೂ. ಎಲ್ಲಿ ಮುಟ್ಟತೀವಿ ನೋಡೇ ಬಿಡಾಣ."

ಸೋಮವಾರ ಬೆಳಕು ಹರಿಯುವ ಹೊತ್ತಿಗೆ ಮೂವತ್ತೆಂಟು ಜನ ಟ್ಯಾಂಕಿನ ಕೆಳಗೆ ಸೇರಿದ್ದರು. ಕೆಲಸ ಬಿಟ್ಟ ಮೂಕಮ್ಮನೂ ಕೋಲು ಊರಿಕೊಂಡು ಬಂದಿದ್ದಳು. ನಾಗಜ್ಯೋತಿ ಮನೆ ಬಿಡುವಾಗ ಅತ್ತೆ ಹುಲುಗಮ್ಮ ಅಮೂಲ್ಯಳ ಕೈ ಹಿಡಿದು ಬಾಗಿಲಲ್ಲಿ ನಿಂತು, "ಸಾವ್ಕಾರ್ರ ಎದುರು ಹಾಕ್ಕೊಂಡ್ರ ಇದ್ದ ಕೆಲಸಾನೂ ಹೋಕ್ಕೈತಿ ನೋಡು," ಎಂದಿದ್ದಳು. ನಾಗಜ್ಯೋತಿಗೂ ಅದೇ ಭಯವಿತ್ತು.

ಟ್ಯಾಂಕಿನ ಏಣಿ ಹತ್ತಿದರೆ ಮಿಲ್ಲಿನ ಪಕ್ಕದ ಮೊಬೈಲ್ ಟವರು ದೂರದಲ್ಲಿ ಸೂಜಿಯಂತೆ ಕಾಣುತ್ತಿತ್ತು. ಉಚ್ಚೀರಪ್ಪ ಮೂರು ಬಿದಿರು ಗಳಕ್ಕೆ ಕೆಂಪು ಬಟ್ಟೆ ಕಟ್ಟಿ, ಒಂದರ ಹಿಂದೆ ಒಂದು ನಿಲ್ಲಿಸುತ್ತ, ಕಣ್ಣು ಕಿರಿದು ಮಾಡಿ ನೋಡುತ್ತ ಗೆರೆ ಹಿಡಿದ. ಮೊದಲು ಸಿಕ್ಕಿದ್ದು ಜೋಳದ ಹೊಲ. ಬೆಳೆ ತುಳಿಯಬಾರದೆಂದು ಎಲ್ಲರನ್ನೂ ಬದುವಿನ ಮೇಲೆ ಸುತ್ತಿಸಿದ. ಆಮೇಲೆ ಬೋಳು ಗುಡ್ಡ. ಬಂಡೆಗಳ ಮೇಲೆ ಕೈಯೂರಿ ಹತ್ತಿ, ಕೂತು ಜಾರಿ ಇಳಿದರು. ಮೂಕಮ್ಮನನ್ನು ಇಬ್ಬರು ಹೆಗಲು ಕೊಟ್ಟು ದಾಟಿಸಿದರು. ಯಾರದೋ ಚಪ್ಪಲಿ ಕಿತ್ತಿತು, ಯಾರದೋ ಸೀರೆ ಜಾಲಿಗೆ ಸಿಕ್ಕಿ ಹರಿಯಿತು.

ಗುಡ್ಡ ಇಳಿದರೆ ರೈಲು ಹಳಿ. ಗೇಟಿಲ್ಲ, ಸೇತುವೆಯಿಲ್ಲ. ಗೂಡ್ಸ್ ಬಂಡಿಯೊಂದು ನೆಲ ನಡುಗಿಸುತ್ತ ಹೋಯಿತು.

"ಇಲ್ಲಿ ಯಾರರ ಸತ್ರ ಅದನ್ನೂ ಕಾಗದದಾಗ ಬರೀತಾರೇನು?" ಎಂದಳು ಮೂಕಮ್ಮ.

ಉಚ್ಚೀರಪ್ಪ ಹಳಿ ದಾಟಲು ಯಾರನ್ನೂ ಬಿಡಲಿಲ್ಲ. ಅವನು ಸುತ್ತ ನೋಡಿ, ಏನೋ ನೆನಪಿಸಿಕೊಂಡವನಂತೆ ಹಳಿಯ ಪಕ್ಕದಲ್ಲೇ ಅರ್ಧ ಫರ್ಲಾಂಗು ನಡೆದ. ಅಲ್ಲಿ ಹಳಿಯ ಕೆಳಗೆ ಕಲ್ಲು ಕಟ್ಟಿದ ಒಂದು ಮೋರಿ. ಎತ್ತಿನ ಬಂಡಿ ಹಾಯುವಷ್ಟು ದೊಡ್ಡದು, ಈಗ ಅರ್ಧದವರೆಗೂ ಹೂಳು ತುಂಬಿತ್ತು. ಎಲ್ಲರೂ ಸೊಂಟ ಬಗ್ಗಿಸಿ, ಕೆಲವರು ಕುಕ್ಕುರುಗಾಲಲ್ಲಿ ಅದರೊಳಗಿಂದ ದಾಟಿದರು. ಆಚೆಗೆ ಗಟ್ಟಿ ನೆಲದಲ್ಲಿ ಹಳೆಯ ಬಂಡಿ ಜಾಡು ಎರಡು ಗೀರಿನಂತೆ ಚೊಕ್ಕವಾಗಿ ಕಾಣುತ್ತಿತ್ತು. ನೂರು ಹೆಜ್ಜೆ ಹೋಗಿ ಆ ಜಾಡು ಎಂಟಡಿ ಎತ್ತರದ ಸಿಮೆಂಟು ಗೋಡೆಯೊಳಗೆ ಹೊಕ್ಕು ಮಾಯವಾಯಿತು.

ಗೋಡೆಗುಂಟ ನಡೆದು ಗೇಟಿಗೆ ಬಂದರು. 'ಶ್ರೀನಿಧಿ ನಗರ' ಎಂಬ ಲೇಔಟಿನ ಬೋರ್ಡು. ಪಾಲುದಾರರಲ್ಲಿ ಮೊದಲ ಹೆಸರು ಹಾಲೇಶರದೇ. ಕಾವಲುಗಾರ ಉರುಕುಂದ ಎದ್ದು ಬಂದ.

"ಒಳಗ ಬಿಡಾಂಗಿಲ್ರಮ್ಮಾ."

ನಾಗಜ್ಯೋತಿ ಸೀಲಿನ ಕಾಗದ ತೋರಿಸಿದಳು. "ಅಣ್ಣಾ, ನಾವು ಕೆಲಸಕ್ಕ ಹೊಂಟೀವಿ. ನಮ್ಮ ದಾರಿ ನಿನ್ನ ಗೇಟಿನ ಒಳಗಿಂದ ಐತಂತ ಆಫೀಸಿನೋರು ಬರದು ಕೊಟ್ಟಾರ. ಬೇಕಾದ್ರ ಸಾವ್ಕಾರ್ರಿಗೆ ಫೋನ್ ಮಾಡು."

ಉರುಕುಂದ ಮೂಕಮ್ಮನ ಕಾಲು ನೋಡಿದ, ಎಲ್ಲರ ಕೆಸರಾದ ಸೀರೆ ನೋಡಿದ. ದೇವನಕೊಂಡದ ಕಡೆಯವನು ಅವನು. ಹೆಂಡತಿ ಮಕ್ಕಳ ಮುಖ ನೋಡುವುದು ವಾರಕ್ಕೊಮ್ಮೆ. ಫೋನು ಕಿವಿಗಿಟ್ಟುಕೊಂಡೇ ಚಿಕ್ಕ ಬಾಗಿಲು ತೆರೆದ.

ಒಳಗೆ ನಾಗಜ್ಯೋತಿ ಕಂಡದ್ದನ್ನು ನಂಬಲಾಗದೆ ನಿಂತಳು. ನಲವತ್ತಡಿ ಅಗಲದ ಸಿಮೆಂಟು ರಸ್ತೆಗಳು ಅಡ್ಡ, ಉದ್ದ ಹರಡಿದ್ದವು. ದೀಪದ ಕಂಬಗಳಿದ್ದವು, ಚರಂಡಿಗಳಿದ್ದವು, ಪ್ಲಾಟಿನ ನಂಬರು ಬರೆದ ಕಲ್ಲುಗಳು ಮುನ್ನೂರಕ್ಕೂ ಹೆಚ್ಚಿದ್ದವು. ಮನೆ ಒಂದೂ ಇರಲಿಲ್ಲ. ಏಳು ವರ್ಷದಿಂದ ಹೀಗೇ ಇದೆ ಎಂದು ಉರುಕುಂದ ಹೇಳಿದ; ಕೊಂಡವರು ಬೆಲೆ ಏರಲಿ ಎಂದು ಕಾಯುತ್ತಿದ್ದಾರಂತೆ. ರಸ್ತೆಯ ಬಿರುಕುಗಳಲ್ಲಿ ಜಾಲಿ ಬೆಳೆದಿತ್ತು. ತಾನು ದಿನಾ ನಾಲ್ಕು ತಾಸು ಕಳೆಯುವುದು ಈ ಖಾಲಿ ಜಾಗವನ್ನು ಸುತ್ತಿ ಹೋಗುವುದಕ್ಕೆ. ಮೂಕಮ್ಮನ ಮೊಣಕಾಲು ಹೋದದ್ದು ಇದಕ್ಕೆ.

ಅಷ್ಟರಲ್ಲಿ ಮೂಲೆಯ ಪ್ಲಾಟಿನ ಪೊದೆಯಲ್ಲಿ ಉಚ್ಚೀರಪ್ಪ ಕೈಯಿಂದ ಮಣ್ಣು ಕೆದಕುತ್ತಿದ್ದ. "ಬರ್ರಿಲ್ಲೆ!" ಎಂದು ಕೂಗಿದ. ಅಡ್ಡಗೀರು ಕೆತ್ತಿದ ಒಂದು ಸರ್ವೆ ಕಲ್ಲು. "ಇದು ನಾನೇ ನೆಟ್ಟ ಕಲ್ಲು. ಹೊಳಗುಂದ ರಸ್ತಿಯಿಂದ ಆಸ್ಪರಿ ರಸ್ತಿಗೆ ಬಂಡಿದಾರಿ ಇಲ್ಲೇ ಇತ್ತು. ಗುಡ್ಡ ಬಳಸಿ, ಮೋರಿ ಒಳಗಿಂದ ಬಂದು ಹಿಂಗ ಹೋಗತಿತ್ತು. ನಕ್ಷಿಯಾಗ ಇಪ್ಪತ್ತಡಿ ಬಿಟ್ಟೀವಿ. ಇದನ್ನ ಗ್ವಾಡಿ ಒಳಗ ಹಾಕ್ಕೊಂಡಾರ!"

ಹಾಲೇಶರ ಕಾರು ಬಂದಾಗ ಎಲ್ಲರೂ ಆ ಕಲ್ಲಿನ ಸುತ್ತ ಕೂತಿದ್ದರು.

"ಏನಿದು ಜ್ಯೋತಮ್ಮಾ? ಎಂಟೂವರಿ ಆತು. ಅಲ್ಲಿ ಜಿನ್ನಿನ ಮಷೀನು ಖಾಲಿ ತಿರಗಾಕ ಹತ್ತ್ಯಾವು."

"ಕೆಲಸಕ್ಕ ಬರಾಕ ಹತ್ತೀವಿ ಸಾವ್ಕಾರ್ರೆ. ಆರೂ ಮುಕ್ಕಾಲು ಕಿಲೋಮೀಟರಿನ ದಾರಿಲಿಂದ. ಅದಕ್ಕೇ ಅಲ್ಲೇನ್ರಿ ನೀವು ವ್ಯಾನ್ ಹಾಕಸದ ಇದ್ದಿದ್ದು?"

ಹಾಲೇಶರು ಕಲ್ಲಿನ ಕಡೆ ನೋಡಿದರು, ನೋಡದವರಂತೆ ಫೋನು ತೆಗೆದು ಶ್ರೀರಾಮುಲುಗೆ ಕರೆ ಮಾಡಿದರು. ಮುಕ್ಕಾಲು ತಾಸಿನ ಮೇಲೆ ಜೀಪು ಬಂತು. ಇಳಿದ ಶ್ರೀರಾಮುಲು ಇದು ಖಾಸಗಿ ಜಾಗ, ಅತಿಕ್ರಮ ಪ್ರವೇಶ, ಪೊಲೀಸರಿಗೆ ಹೇಳಬೇಕಾಗುತ್ತದೆ ಎಂದು ಒಂದೇ ಉಸಿರಿಗೆ ಶುರು ಮಾಡಿದರು. ನಾಗಜ್ಯೋತಿ ಅವರು ಮುಗಿಸುವವರೆಗೂ ಕಾದಳು.

"ಸಾರ್, ಆಫೀಸಿಂದ ಇಲ್ಲಿಗೆ ಎಷ್ಟು ದೂರ ಬಂದ್ರಿ?"

"ಒಂಬತ್ತು ಕಿಲೋಮೀಟರ್," ಎಂದರು ಶ್ರೀರಾಮುಲು, ಯಾಕೆ ಕೇಳುತ್ತಿದ್ದಾಳೆ ಎಂದು ಯೋಚಿಸದೆ.

"ಯಾವುದರಾಗ ನೋಡಿದ್ರಿ?"

"ಜೀಪಿನ ಮೀಟರಿನಾಗ."

"ಕಂಪ್ಯೂಟರಿನಾಗ ಗೆರಿ ಎಳದು ನೋಡ್ರಿ, ಏಳೂ ಬರಾಂಗಿಲ್ಲ. ನಿಮ್ಮ ಜೀಪಿಗೆ ಡೀಸೆಲ್ ಬರಸೋವಾಗ ಒಂಬತ್ತು ಬರಸ್ತೀರೋ, ಗೆರಿ ಲೆಕ್ಕ ಬರಸ್ತೀರೋ?" ಅವಳ ದನಿ ಏರಿತು. "ನಿಮ್ಮ ಜೀಪು ರಸ್ತಿ ಮ್ಯಾಲ ಬರತೈತಿ, ನಾವು ಮಾತ್ರ ಗೆರಿ ಮ್ಯಾಲ ಬರಬೇಕು. ಮಿಲ್ಲು ಊರಾಗ ಇರಬಾರದು ಅಂದೋರು ನೀವು. ನಾವು ಊರಾಗ ಇರಬಾರದು ಅಂದೋರು ನೀವು. ಇದ್ದ ಬಂಡಿದಾರಿ ಇಲ್ಲ ಅಂದು ಇವರಿಗೆ ಲೇಔಟ್ ಪಾಸ್ ಮಾಡಿಕೊಟ್ಟೋರೂ ನೀವೇ. ನನ್ನ ಮಗಳು ಎದ್ದಾಗ ನಾ ಮನ್ಯಾಗ ಇರಾಂಗಿಲ್ಲ, ಉಣ್ಣೋವಾಗ ಇರಾಂಗಿಲ್ಲ. ಆ ಹೊತ್ತನ್ನ ಯಾರು ತಿಂದ್ರು ಅಂತ ಇಷ್ಟು ದಿನ ಗೊತ್ತಿರಲಿಲ್ರಿ. ಇವತ್ತು ಗೊತ್ತಾತು."

ಶ್ರೀರಾಮುಲು ಕಲ್ಲಿನ ಮೇಲಿನ ಅಡ್ಡಗೀರನ್ನು ಬಗ್ಗಿ ನೋಡಿದರು. ನೋಡಿ, ಪರಿಶೀಲಿಸುತ್ತೇವೆ ಎಂದು ಜೀಪು ಹತ್ತಿದರು. ಉರುಕುಂದ ಆಚೆ ಕಡೆಯ ಗೇಟು ತೆರೆದು ನಡೆದು ಬಂದವರನ್ನು ಆಸ್ಪರಿ ರಸ್ತೆಗೆ ಬಿಟ್ಟ. ಮಿಲ್ಲಿನಲ್ಲಿ ಎಲ್ಲರಿಗೂ ಅರ್ಧ ದಿನ ಗೈರು ಹಾಕಿದರು.

ಮರುದಿನ ಹಾಲೇಶರು ನಾಗಜ್ಯೋತಿಯನ್ನು ಆಫೀಸಿಗೆ ಕರೆಸಿದರು. ವ್ಯಾನು ಹಾಕಿಸುತ್ತೇನೆ ಎಂದರು. ಮೇಜಿನ ಮೇಲೆ ಟೈಪು ಮಾಡಿದ ಹಾಳೆ ಇತ್ತು. ಅವಳು ಪೂರ್ತಿ ಓದಿದಳು. ಲೇಔಟಿನ ಜಾಗದಲ್ಲಿ ಕಾಲೊನಿಯವರು ಯಾವ ದಾರಿಯ ಹಕ್ಕನ್ನೂ ಕೇಳುವುದಿಲ್ಲ ಎಂದು ಕೊನೆಯ ಸಾಲಿನಲ್ಲಿತ್ತು.

"ವ್ಯಾನು ನೀವು ಮೊದಲೇ ಒಪ್ಪಿಕೊಂಡಿದ್ದು ಸಾವ್ಕಾರ್ರೆ. ಒಪ್ಪಿಕೊಂಡಿದ್ದನ್ನ ಕೊಡಾಕ ಇನ್ನೊಂದು ಯಾಕ ಕೇಳತೀರಿ?"

"ನಿಮ್ಮೋರನ್ನ ಕೇಳು. ಅವರಿಗೆ ವ್ಯಾನ್ ಬೇಕೋ, ಮುಳ್ಳಿನ ದಾರಿ ಬೇಕೋ."

ಆ ಮಾತು ನಾಟಬೇಕಾದಲ್ಲಿ ನಾಟಿತು. ನಲ್ಲಿಯ ಹತ್ತಿರ ಎರಡು ಗುಂಪಾದವು. "ನಿನ್ನ ಹಟಕ್ಕ ನಾವು ಯಾಕ ಆಟೋದಾಗ ಸಾಯಬೇಕು? ಹಾಕು ಸಹಿ," ಎಂದು ಕೆಲವರು ಮುಖಕ್ಕೇ ಹೇಳಿದರು. ನಾಗಜ್ಯೋತಿ ಸಹಿ ಹಾಕಲಿಲ್ಲ. ಎರಡು ವಾರ ಎಷ್ಟೋ ಜನ ಅವಳ ಜೊತೆ ಮಾತು ಬಿಟ್ಟರು. ಆಟೋದಲ್ಲಿ ಪಕ್ಕದಲ್ಲಿ ಕೂತವಳೂ ಆಚೆ ನೋಡುತ್ತಿದ್ದಳು. ಅವಳು ಒಬ್ಬಳೇ ಇದ್ದಾಗ ಅತ್ತಳು. ಸಿಟ್ಟಿಗೆ ಬಂದ ಅಳು ಅದು, ಬೇಗ ನಿಲ್ಲಲಿಲ್ಲ.

ಆ ನಡುವೆ ಮೋರಿಯೊಳಗೆ ಸೊಂಟ ಬಗ್ಗಿಸಿ ದಾಟುತ್ತಿದ್ದ ಹೆಂಗಸರ ಫೋಟೋ ತೆಲುಗು ಪತ್ರಿಕೆಯೊಂದರ ಸ್ಥಳೀಯ ಪುಟದಲ್ಲಿ ಬಂತು. ಜೊತೆಯಲ್ಲಿದ್ದ ಒಬ್ಬಳ ಗಂಡ ಫೋನಿನಲ್ಲಿ ತೆಗೆದದ್ದು. ಕೆಳಗೆ ಆರು ಕಿಲೋಮೀಟರ್ ಎಂಟುನೂರು ಮೀಟರ್ ಎಂಬ ಕಾಗದದ ಚಿತ್ರವೂ ಇತ್ತು. ನಾಲ್ಕನೇ ದಿನ ಶ್ರೀರಾಮುಲು ಆಫೀಸಿನಿಂದ ಆಳು ಹೊಸ ಕಾಗದ ತಂದುಕೊಟ್ಟ: ರಸ್ತೆಯ ಮೂಲಕ ಹದಿನೈದು ಕಿಲೋಮೀಟರ್ ಮುನ್ನೂರು ಮೀಟರ್. ನಾಗಜ್ಯೋತಿ ಅದನ್ನು ಒಯ್ದು ಹಾಲೇಶರ ಮೇಜಿನ ಮೇಲಿಟ್ಟಳು. ಮುಂದಿನ ವಾರ ಕಾಲೊನಿಯ ಟ್ಯಾಂಕಿನ ಕೆಳಗೆ ವ್ಯಾನು ಬಂದು ನಿಂತಿತು. ಮಾತು ಬಿಟ್ಟವರು ನಗುತ್ತ ಬಂದು ನಾಗಜ್ಯೋತಿಗೆ ಕಿಟಕಿಯ ಪಕ್ಕದ ಸೀಟು ಬಿಟ್ಟರು. ಮೂಕಮ್ಮನೂ ಕೆಲಸಕ್ಕೆ ಮರಳಿದಳು.

ಆದರೂ ವ್ಯಾನು ಊರೊಳಗಿಂದಲೇ ಸುತ್ತಿ ಹೋಗಬೇಕಿತ್ತು. ಮಾರ್ಕೆಟ್ಟಿನ ಹತ್ತಿ ಲಾರಿಗಳ ನಡುವೆ ಸಿಕ್ಕಿಕೊಂಡು ಒಂದು ತಾಸು ಹಿಡಿಯುತ್ತಿತ್ತು. ಬಂಡಿದಾರಿ ಬಿಡಿಸಿಕೊಡಿ ಎಂದು ನಾಗಜ್ಯೋತಿ ಕೊಟ್ಟ ಅರ್ಜಿಗೆ ಸರ್ವೆಯವರು ಬರುತ್ತಾರೆಂದು ಮೂರು ಸಲ ತಾರೀಕು ಕೊಟ್ಟರು, ಮೂರು ಸಲವೂ ಬರಲಿಲ್ಲ.

"ವ್ಯಾನ್ ಬಂತಲ್ಲ, ಇನ್ನರ ಸುಮ್ಕಿರಬಾರದಾ?" ಎಂದಳು ಹುಲುಗಮ್ಮ.

"ವ್ಯಾನ್ ನನ್ನ ಕಾಲು ಉಳಿಸೈತಿ ಅತ್ತಿ. ಹೊತ್ತು ಇನ್ನಾ ಅವರ ಗ್ವಾಡಿ ಒಳಗೇ ಐತಿ," ಎಂದಳು ನಾಗಜ್ಯೋತಿ.

ಮುಂದಿನ ಭಾನುವಾರ ಕಾಲೊನಿಯಿಂದ ಅರವತ್ತು ಜನ ಸಲಿಕೆ, ಬುಟ್ಟಿ ಹಿಡಿದು ಮೋರಿಗೆ ಹೋದರು. ಮಧ್ಯಾಹ್ನದ ಹೊತ್ತಿಗೆ ಹೂಳೆಲ್ಲ ಹೊರಗೆ ಬಿತ್ತು. ಮೂಕಮ್ಮ ಕೋಲು ಊರಿಕೊಂಡು ನೆಟ್ಟಗೆ ನಿಂತೇ ಅದರೊಳಗಿಂದ ದಾಟಿದಳು. ಆಮೇಲೆ ನಾಗಜ್ಯೋತಿ ಸುಣ್ಣದ ಬಕೆಟ್ಟು ಎತ್ತಿಕೊಂಡು, ಜಾಡು ಹೊಕ್ಕ ಜಾಗದಲ್ಲಿ ಗೋಡೆಯ ಮೇಲೆ ಆಳೆತ್ತರದ ಅಕ್ಷರದಲ್ಲಿ 'ಬಂಡಿದಾರಿ' ಎಂದು ಬರೆದಳು, ಮೊದಲು ತೆಲುಗಿನಲ್ಲಿ, ಅದರ ಕೆಳಗೆ ಕನ್ನಡದಲ್ಲಿ. ಉರುಕುಂದ ಮೂಲೆಯಲ್ಲಿ ನಿಂತು ನೋಡಿದ. ಈ ಸಲ ಫೋನು ತೆಗೆಯಲಿಲ್ಲ.

ಹಾಲೇಶರ ಆಳುಗಳು ಎರಡೇ ದಿನದಲ್ಲಿ ಅದರ ಮೇಲೆ ಬಣ್ಣ ಬಳಿದರು. ಅವಳು ಮತ್ತೆ ಬರೆದಳು. ಸರ್ವೆಯವರು ಇನ್ನೂ ಬಂದಿಲ್ಲ. ಐದು ಸಲ ಬಳಿದಿದ್ದಾರೆ, ಅವಳು ಆರು ಸಲ ಬರೆದಿದ್ದಾಳೆ.